ಕೆಸರು ಮೆತ್ತಿದ ಸಮವಸ್ತ್ರ

ಕೋಲಾರ ಜಿಲ್ಲೆಯ ಓದುಗರೊಬ್ಬರ ಪತ್ರ: ‘ಎಂಟನೇ ತರಗತಿಯಲ್ಲಿರುವ ನನ್ನ ಮಗಳನ್ನೂ ಅವಳ ಸಹಪಾಠಿಗಳನ್ನೂ ವಿಜ್ಞಾನದ ಮೇಷ್ಟ್ರು ಪ್ರತಿ ಶನಿವಾರ ಊರ ಕೆರೆಗೆ ಕರೆದೊಯ್ಯುತ್ತಿದ್ದಾರೆ. ಸಮವಸ್ತ್ರಕ್ಕೆಲ್ಲ ಕೆಸರು ಮೆತ್ತಿಕೊಂಡು ಬಂದವಳು, ನಮ್ಮ ಬೋರ್‌ವೆಲ್ ಎಷ್ಟು ಅಡಿ ಎಂದು ಕೇಳುತ್ತಾಳೆ. ಇನ್ನೂ ಪಾಠಗಳು ಮುಗಿದಿಲ್ಲ, ಪರೀಕ್ಷೆ ಹತ್ತಿರವಿದೆ. ನೀರಿನ ವಿಷಯವನ್ನು ಪುಸ್ತಕದಲ್ಲೇ ಹೇಳಿಕೊಟ್ಟರೆ ಸಾಲದೆ? ಮಕ್ಕಳು ನೀರಿಗೆ ಬಿದ್ದರೆ ಯಾರು ಹೊಣೆ?’

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆ ನ್ಯಾಯವಾದದ್ದು. ಹೂಳಿನ ಹೆಸರಿನಲ್ಲಿ ಜೆಸಿಬಿ ತೋಡಿದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಮಕ್ಕಳು ಏರಿಯಿಂದ ಕೆಳಗಿಳಿಯಬಾರದು, ಈಜು ಬಲ್ಲ ಹಿರಿಯರಿಬ್ಬರು ಜೊತೆಗಿರಬೇಕು. ಇದನ್ನು ಮೇಷ್ಟ್ರಿಗೆ ಖಂಡಿತ ಹೇಳಿ. ಪತ್ರದ ಉಳಿದ ಮಾತುಗಳನ್ನು ನಾನು ಒಪ್ಪಲಾರೆ.

ಪುಸ್ತಕದ ನೀರಿನ ಪಾಠ ಹೇಗಿರುತ್ತದೆ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿಮದ ಬೆಟ್ಟ, ನಡುವೆ ಬಾಣದ ಗುರುತುಗಳು. ನಿಮ್ಮ ಜಿಲ್ಲೆಯಲ್ಲಿ ಸಮುದ್ರವಿಲ್ಲ, ಹಿಮವಿಲ್ಲ, ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಪಾಲಾರ್ ಕೂಡ ಮಳೆ ಬಂದರೆ ನದಿ, ಇಲ್ಲದಿದ್ದರೆ ಮರಳು. ಆದರೂ ನಿಮ್ಮ ಹಿರಿಯರು ಅಲ್ಲಿ ಭತ್ತ ಬೆಳೆದರು, ಎರಡು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿದರು. ಮೇಲಿನೂರಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನೂರಿನ ಕೆರೆಗೆ. ಕೋಲಾರ ಚಿನ್ನದ ಗಣಿಯ ಊರು ಬಹುಕಾಲ ಕುಡಿದದ್ದು ಬೇತಮಂಗಲದ ಕೆರೆಯ ನೀರನ್ನು. ಇದು ಆ ಚಿತ್ರದ ಯಾವ ಬಾಣದಲ್ಲಿದೆ?

ನಿಮ್ಮ ಕಾಲ ಕೆಳಗಿರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ, ಅದರ ಕೆಳಗೆ ಕಲ್ಲಿನ ಬಿರುಕುಗಳಲ್ಲಿ. ಕೆರೆ ತುಂಬಿದರೆ ಅಚ್ಚುಕಟ್ಟಿನ ತೆರೆದ ಬಾವಿಗಳಲ್ಲೂ ನೀರು ಏರುತ್ತಿತ್ತು. ಈಗ ಕೊಳವೆಬಾವಿಗಳು ಹಲವೆಡೆ ಸಾವಿರ ಅಡಿ ದಾಟಿವೆ. ಅಷ್ಟು ಆಳದಿಂದ ಬರುವ ನೀರು ಎಷ್ಟೋ ಕಡೆ ಫ್ಲೋರೈಡನ್ನೂ ಹೊತ್ತು ತರುತ್ತದೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಬಹುದು. ನಿಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಈ ಪಾಠವನ್ನು ಕನ್ನಡಿಯಲ್ಲೇ ಓದಬಲ್ಲರು.

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಮಕ್ಕಳು ವಾರಕ್ಕೊಮ್ಮೆ ಶಾಲೆಯ ಹಿಂದಿನ ಬಾವಿಯನ್ನು ಅಳೆಯುತ್ತಿದ್ದರು. ಒದ್ದೆಯಾದ ಗಂಟುಗಳನ್ನು ಎಣಿಸಿ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಮೇ ತಿಂಗಳಲ್ಲಿ ನೆಲಕ್ಕೆ ತಾಗಿದ್ದ ಗೆರೆಗಳು ಅಕ್ಟೋಬರಿನ ಹೊತ್ತಿಗೆ ಒಬ್ಬ ಹುಡುಗಿಯ ಭುಜದವರೆಗೆ ಬಂದಿದ್ದವು. ‘ಮಳೆ ಬಂದ ದಿನವೇ ಏರಲಿಲ್ಲ ಸಾರ್, ಕೆರೆಗೆ ನೀರು ಬಂದು ಮೂರು ವಾರವಾದ ಮೇಲೆ ಏರಿತು’ ಎಂದಳು. ಅಂತರ್ಜಲದ ಬಗ್ಗೆ ಅದಕ್ಕಿಂತ ಒಳ್ಳೆಯ ವಾಕ್ಯವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ.

ನನ್ನ ಬಾಲ್ಯದಲ್ಲಿ ಗದ್ದೆಗಳಿಗೆ ಕೆರೆಯ ನೀರು ಹಂಚುವ ನಮ್ಮೂರ ನೀರುಗಂಟಿಯವರು, ಏರಿಯಡಿ ನೀರು ಹೊರಬಿಡುವ ಕಿಂಡಿಯಾದ ತೂಬಿನ ಕಲ್ಲುಕಂಬ ಹಿಡಿದು ನೀರಿಗಿಳಿಯುತ್ತಿದ್ದರು. ಮುಳುಗಿ ಬೆಣೆ ಎಳೆದು ಮೇಲೆ ಬಂದಾಗ ಕಣ್ಣು ಕೆಂಪಾಗಿರುತ್ತಿದ್ದವು. ಏರಿಯ ಆಚೆ ಕಾಲುವೆಗೆ ನೀರು ಬಿದ್ದ ಸದ್ದು ಕೇಳಿದ ಮೇಲೆಯೇ ಬೀಡಿ ಹಚ್ಚುತ್ತಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು. ಅಂಥ ಹಿರಿಯರು ಇಂದಿಗೂ ಅಲ್ಲಲ್ಲಿ ಇದ್ದಾರೆ. ಯಾವ ಶಾಲೆ ಅವರನ್ನು ಕರೆದು ಕೂರಿಸಿ ಮಕ್ಕಳಿಗೆ ಪಾಠ ಹೇಳಿಸಿದೆ?

ಹಂಪಿಯ ಶಾಸನವೊಂದರಲ್ಲಿ ವಿಜಯನಗರ ಕಾಲದ ಮಂತ್ರಿ ಲಕ್ಷ್ಮೀಧರಾಮಾತ್ಯನಿಗೆ ಅವನ ತಾಯಿ ಹಾಲೂಡಿಸುವಾಗಲೇ ಕಿವಿಯಲ್ಲಿ ಹೇಳಿದ ಮಾತುಗಳಿವೆ. ಅದರ ಮೊದಲ ಮಾತು ‘ಕೆರೆಯಂ ಕಟ್ಟಿಸು’. ಆ ತಾಯಿ ತೊಟ್ಟಿಲ ಕೂಸಿಗೆ ಹೇಳಿದ್ದನ್ನು ನಾವು ಎಂಟನೇ ತರಗತಿಗೂ ಹೆಚ್ಚಾಯಿತು ಎನ್ನುತ್ತಿದ್ದೇವೆ.

ದೋಷ ನಿಮ್ಮೊಬ್ಬರದಲ್ಲ. ಕಂದಾಯದ ಪಹಣಿಯಲ್ಲಿ ಹಳ್ಳ, ದಾರಿ, ಕೆರೆಗಳೆಲ್ಲ ‘ಖರಾಬು’. ಸಾಗುವಳಿಗೆ ಬಾರದ್ದು ಎಂಬುದಷ್ಟೇ ಅದರ ಅರ್ಥವೆಂದು ಅಧಿಕಾರಿಗಳು ಹೇಳುತ್ತಾರೆ, ಆದರೆ ಹೆಸರು ತನ್ನ ಕೆಲಸ ಮಾಡಿಯೇ ತೀರುತ್ತದೆ. ಖರಾಬು ಜಾಗದಲ್ಲಿ ಬಸ್ ನಿಲ್ದಾಣ, ಬಡಾವಣೆ ಕಟ್ಟಲು ಯಾರಿಗೂ ಕೈ ನಡುಗುವುದಿಲ್ಲ. ಇನ್ನು ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯರು ಕಟ್ಟಿದ ಕೆರೆಗಳನ್ನು ರಕ್ಷಿಸಬೇಕಾದ ಜೌಗು ಪ್ರದೇಶವೆಂದೇ ಎಣಿಸುವುದಿಲ್ಲ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಜನ ಕಟ್ಟದೆ ಆದದ್ದು ಎಷ್ಟಿವೆ? 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಬೇಸಾಯಕ್ಕೆಂದು ಕಟ್ಟಿದವೇ. ಹಿಮಾಲಯ ದಾಟಿ ಮಾಗಡಿಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು ಅದನ್ನು ಕಟ್ಟಿದವರು ಯಾರೆಂದು ವಿಚಾರಿಸುವುದಿಲ್ಲ.

ನಿಮ್ಮ ಮೇಷ್ಟ್ರ ಬಗ್ಗೆ ನನಗೆ ಗೌರವ ಮೂಡಿದೆ. ಶನಿವಾರದ ಅರ್ಧ ದಿನ ಮನೆಗೆ ಹೋಗಬಹುದಾದವರು ಏರಿಯ ಮೇಲೆ ಬಿಸಿಲಲ್ಲಿ ನಿಂತಿದ್ದಾರೆ. ಮೇಲಧಿಕಾರಿಗಳಿಗೆ ದೂರು ಕೊಡುವ ಯೋಚನೆಯಿದ್ದರೆ ದಯವಿಟ್ಟು ಕೈಬಿಡಿ. ಕೆಸರು ಸಾಬೂನಿಗೆ ಹೋಗುತ್ತದೆ.

ನಿಮ್ಮ ಬೋರ್‌ವೆಲ್ ಎಷ್ಟು ಅಡಿ ಎಂದು ಮಗಳು ಕೇಳಿದಾಗ ಏನು ಉತ್ತರ ಕೊಟ್ಟಿರಿ ಎಂಬುದು ಪತ್ರದಲ್ಲಿಲ್ಲ. ನಿಮ್ಮ ತಂದೆಯವರ ಕಾಲದ ತೆರೆದ ಬಾವಿ ಎಷ್ಟು ಅಡಿಯಿತ್ತು, ಯಾವ ವರ್ಷ ಬತ್ತಿತು ಎಂಬುದನ್ನೂ ಅವಳಿಗೆ ಹೇಳಿ. ಆ ಎರಡು ಅಂಕಿಗಳನ್ನು ನನಗೂ ಬರೆದು ಕಳುಹಿಸಿ.

— ಸಂಪಾದಕ