ಲಾಯ ಖಾಲಿಯಾದ ಮೇಲೆ

ಮೊದಲು ಫೋನ್ ಮಾಡಿದ್ದು ಅವರ ಸೊಸೆ. "ಮೇಡಂ, ನಮ್ಮ ಮಾವಾರು ಸರಿ ಊಟ ಮಾಡವಲ್ರು. ನಾಲ್ಕು ತಿಂಗಳಾತು, ಯಾರ ಕೂಡನೂ ಮಾತಿಲ್ಲ" ಎಂದಳು. ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆತ್ತಗೆ, "ಕುದುರಿ ಸತ್ತೈತ್ರಿ" ಎಂದಳು. ಇಷ್ಟಕ್ಕೆಲ್ಲ ಫೋನ್ ಮಾಡಬಹುದೋ ಇಲ್ಲವೋ ಎಂಬ ಅಳುಕು ಅವಳ ದನಿಯಲ್ಲೇ ಇತ್ತು.

ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಬಂದ ಆ ಮಾವನಿಗೆ 61 ವರ್ಷ. ಬೆಳಗಾವಿ ಕಡೆಯ ಕಬ್ಬಿನ ಊರು. ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮೊದಲ ದಿನ ಅವರು ಜಾಸ್ತಿ ಮಾತಾಡಲಿಲ್ಲ. ನಿದ್ದೆ ಎಷ್ಟು, ಊಟ ಎಷ್ಟು, ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ, ಎಲ್ಲ ನೇರವಾಗಿ ಕೇಳಿದೆ. ಸಾಯುವ ಯೋಚನೆ ಇಲ್ಲ ಎಂದರು. ಏಳುವಾಗ ಅಂಗಿ ಕಿಸೆಗೆ ಕೈ ಹಾಕಿ ಏನನ್ನೋ ಮುಟ್ಟಿ ನೋಡಿಕೊಂಡರು. ಏನದು ಕಾಕಾ ಎಂದೆ. ಹೊರಗೆ ತೆಗೆದು ತೋರಿಸಿದರು. ಅಡಿಕೆ ಗಾತ್ರದ ಬೆಲ್ಲದ ಚೂರು. ಕಿಸೆಯ ಬಟ್ಟೆ ಅಂಟಂಟಾಗಿ ಕಪ್ಪಾಗಿತ್ತು. ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ಲಾಯಕ್ಕೆ ಹೋಗುವಾಗ ಅಡುಗೆಮನೆಯಿಂದ ಒಂದು ಚೂರು ಕಿಸೆಗೆ ಹಾಕಿಕೊಳ್ಳುವುದು ರೂಢಿ. ಕುದುರೆ ಹೋದ ಮೇಲೂ ಕೈ ತಾನಾಗೇ ಡಬ್ಬಿಗೆ ಹೋಗುತ್ತಿತ್ತು.

ಅದು ಮಾರವಾಡಿ ತಳಿಯ ಹೆಣ್ಣು ಕುದುರೆ. ಕಿವಿಗಳ ತುದಿ ಒಳಗೆ ಬಾಗಿ ಒಂದಕ್ಕೊಂದು ತಾಗುತ್ತವಲ್ಲ, ಆ ತಳಿ. ಅದನ್ನು ಅವ್ವಿ ಎಂದು ಕರೆಯುತ್ತಿದ್ದರು. ಒಂದು ರಾತ್ರಿ ಹೊಟ್ಟೆಶೂಲೆ ಬಂತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಯೊಳಗೆ ಸಿಕ್ಕಿಬಿದ್ದದ್ದು ಮೇಲಿನಿಂದ ಹೊರಗೆ ಬರುವ ದಾರಿಯೇ ಇಲ್ಲ. ಅವ್ವಿ ನೆಲಕ್ಕೆ ಬಿದ್ದು ಹೊರಳಾಡಿತು. ಎಬ್ಬಿಸಿ ನಡೆಸಿದರು, ಮತ್ತೆ ಬಿತ್ತು. ಕರುಳು ತಿರುಚಿಕೊಂಡಿದೆ ಎಂದು ಡಾಕ್ಟರು ಹೇಳಿದರು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಹೆಂಡತಿ ಆರು ವರ್ಷದ ಹಿಂದೆ ತೀರಿಕೊಂಡಿದ್ದಾರೆ, ಈಗ ಕುದುರೆಯೂ ಇಲ್ಲ, ಒಂಟಿಯಾಗಿದ್ದಾರೆ, ಜೊತೆ ಬೇಕು ಎಂದುಕೊಂಡೆ. ಊರಿನ ಭಜನಾ ಮಂಡಳಿಗೆ ಹೋಗಿ ಬನ್ನಿ ಎಂದೆ. ಒಂದು ಸೋಮವಾರ ಹೋದರು, ಮತ್ತೆ ಹೋಗಲಿಲ್ಲ. ಅವರಿಗೆ ಗೆಳೆಯರು ಆಗಲೇ ಇದ್ದರು. ಅವರ ಬಗ್ಗೆ ನಾನು ಕೇಳಿರಲೇ ಇಲ್ಲ.

ಮೂರನೇ ಸಲ ಬಂದಾಗ ಕೇಳಿದೆ. ಆಗ ಒಂದು ಗಂಟೆ ಮಾತಾಡಿದರು.

ನಾಲ್ಕು ಊರು, ಆರು ಮನೆ. ಎಲ್ಲರೂ ಕುದುರೆ ಸಾಕುವವರು. ಜಾತಿ ಬೇರೆ, ಹೊಲದ ಅಳತೆ ಬೇರೆ. ಒಬ್ಬರ ಬಳಿ ಗಂಡು ಕುದುರೆ, ಉಳಿದವರ ಬಳಿ ಹೆಣ್ಣು. ಭಾನುವಾರ ಯಾರದಾದರೂ ಲಾಯದ ಮುಂದೆ ಸೇರುವುದು. ಲಾಳ ಕಟ್ಟುವವನು ಬಂದರೆ ಎಲ್ಲರ ಕುದುರೆಗೂ ಅವತ್ತೇ. ಹುರುಳಿ ಎಷ್ಟು ಹೊತ್ತು ನೆನೆಸಬೇಕು ಎಂಬುದರ ಮೇಲೆ ಇಪ್ಪತ್ತು ವರ್ಷದಿಂದ ಜಗಳ ನಡೆದೇ ಇತ್ತಂತೆ. ಇಷ್ಟಾದರೂ ಒಬ್ಬರ ಮನೆಯ ಕಷ್ಟ ಇನ್ನೊಬ್ಬರು ಕೇಳಿದವರಲ್ಲ. ಎಲ್ಲರೂ ಕುದುರೆಯ ಕಡೆ ಮುಖ ಮಾಡಿ ಪಕ್ಕಪಕ್ಕದಲ್ಲಿ ನಿಲ್ಲುತ್ತಿದ್ದರು, ಅಷ್ಟೇ.

ಅವರ ನಡುವಿನ ದೊಡ್ಡ ಕೆಲಸವೆಂದರೆ ಮರಿ ಹಾಕಿಸುವುದು. ಕುದುರೆ ಗಬ್ಬವಾಗಿ ಸುಮಾರು ಹನ್ನೊಂದು ತಿಂಗಳಿಗೆ ಮರಿ ಹಾಕುತ್ತದೆ. ಬಹುಪಾಲು ರಾತ್ರಿಯೇ, ಸುತ್ತ ಯಾರ ಗದ್ದಲವೂ ಇಲ್ಲದಾಗ. ದಿನ ಹತ್ತಿರವಾದಾಗ ಕೆಚ್ಚಲು ತುಂಬಿ ಮೊಲೆ ತುದಿಯಲ್ಲಿ ಮೇಣದಂಥ ಹನಿ ಕಟ್ಟುತ್ತದೆ. ಅದು ಕಂಡಿತೆಂದರೆ ಆರು ಮನೆಗೂ ಫೋನ್. ಆವತ್ತಿನಿಂದ ಇಬ್ಬಿಬ್ಬರಂತೆ ರಾತ್ರಿ ಪಾಳಿ. ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಗೆ ಕಸ, ಅಂದರೆ ಮಾಸು, ಬೀಳಬೇಕು. ರೋಗ ತಡೆಯುವ ಶಕ್ತಿ ಮರಿಗೆ ಬರುವುದು ಆ ಮೊದಲ ಹಾಲಿನಿಂದಲೇ. ಇವುಗಳಲ್ಲಿ ಒಂದು ತಪ್ಪಿದರೂ ಡಾಕ್ಟರಿಗೆ ಓಡಬೇಕು. ಅದಕ್ಕೇ ಒಬ್ಬರು ಗಡಿಯಾರ ಹಿಡಿದು ಕೂತರೆ ಇನ್ನೊಬ್ಬರು ಬ್ಯಾಟರಿ ಹಿಡಿಯುತ್ತಾರೆ. ಇದನ್ನು ಹೇಳುವಾಗ ಕಾಕಾ ನೆಟ್ಟಗೆ ಕೂತಿದ್ದರು. ನಾನು ಆ ಮುಖ ನೋಡಿದ್ದು ಅದೇ ಮೊದಲು.

ಹಾಗಾದರೆ ಈಗ ಅಲ್ಲಿಗೆ ಯಾಕೆ ಹೋಗುತ್ತಿಲ್ಲ ಎಂದು ಕೇಳಿದೆ.

"ಕುದುರಿ ಇಲ್ದವ ಅಲ್ಲಿ ಹೋಗಿ ಏನ್ ಮಾಡ್ಲಿ?" ಎಂದರು. ಆಮೇಲೆ ನೆಲ ನೋಡುತ್ತಾ ಇನ್ನೊಂದು ಮಾತು ಹೇಳಿದರು. ಅವ್ವಿ ಸತ್ತ ರಾತ್ರಿ, ಗಂಡು ಕುದುರೆ ಸಾಕಿದ ಆ ಗೆಳೆಯ ಬೆಳಗಿನ ತನಕ ಇವರ ಜೊತೆ ಅದನ್ನು ನಡೆಸಿದ್ದರು. "ಅವನ ಹೆಗಲ ಮ್ಯಾಲೆ ತಲಿ ಇಟ್ಟು ಸಣ್ಣ ಹುಡುಗನಂಗ ಅತ್ನಿ. ಹೆಂಡ್ತಿ ಹೋದಾಗ ಇಷ್ಟ ಅತ್ತಿರ್ಲಿಲ್ರಿ. ಈಗ ಅವನ ಮಾರಿ ಹೆಂಗ್ ನೋಡ್ಲಿ?"

ವಿಷಯ ಇಲ್ಲಿತ್ತು. ಅವ್ವಿ ಹೋದ ದುಃಖದ ಮೇಲೆ ಈ ನಾಚಿಕೆಯೂ ಕೂತಿತ್ತು.

ಸಮಾಜ ಲೆಕ್ಕಕ್ಕೆ ಹಿಡಿಯದ ದುಃಖದ ಬಗ್ಗೆ ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಹೆಂಡತಿ ಸತ್ತರೆ ಊರು ಬರುತ್ತದೆ, ಹದಿಮೂರು ದಿನ ಮನೆ ತುಂಬಿರುತ್ತದೆ. ಕುದುರೆ ಸತ್ತರೆ ಗುಂಡಿ ತೋಡುವವರು ಬರುತ್ತಾರೆ, ಮರುದಿನ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ನಾನು ಕಾಕಾಗೆ ಹೇಳಿದ್ದು ಇಷ್ಟು. ನೀವು ಯಾರಿಗೆ ಎಷ್ಟು ಅತ್ತಿರಿ ಎಂದು ತೂಕ ಹಾಕಬೇಡಿ. ಕಾಕೂ ಹೋದ ಮೇಲೆ ಬೆಳಿಗ್ಗೆ ಐದಕ್ಕೆ ಏಳಲು ನಿಮಗಿದ್ದ ಕಾರಣ ಅವ್ವಿ. ಆವತ್ತು ಅದು ಹೋಯಿತು. ಅಳು ಬಾರದೆ ಇರುತ್ತದಾ?

ಅವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ನಾನೂ ಸುಮ್ಮನೆ ಕೂತೆ.

ಮಗ ಇಷ್ಟರಲ್ಲೇ ಹೊಸ ಮರಿ ತರಲು ಓಡಾಡುತ್ತಿದ್ದ. ಪ್ರೀತಿಯಿಂದಲೇ, ಆದರೆ ಸದ್ಯಕ್ಕೆ ಬೇಡ ಎಂದೆ. ಅದು ಕಾಕಾ ತಾವಾಗಿ ಕೇಳುವ ದಿನ ಬರಬೇಕು. "ಇನ್ನೊಂದು ತಂದ್ರಾತು ಬಿಡ್ರಿ" ಎನ್ನುವ ಮಾತು ಮನೆಯಲ್ಲಿ ಯಾರೂ ಆಡಬಾರದೆಂದು ಸೊಸೆಗೆ ಹೇಳಿದೆ. ಬದಲಿಗೆ ಅವ್ವಿಯ ಬಗ್ಗೆ ಕೇಳು, ಅವರು ಹೇಳಲಿ. ಬೆಲ್ಲದ ಡಬ್ಬಿಯನ್ನು ಬಚ್ಚಿಡಬೇಡ. ಊಟ ನಿದ್ದೆ ಹೀಗೇ ಕೆಡುತ್ತಾ ಹೋದರೆ ಮನೋವೈದ್ಯರಿಗೆ ತೋರಿಸಲೇಬೇಕು, ನಾನೊಬ್ಬಳೇ ಸಾಲುವುದಿಲ್ಲ ಎಂದೂ ಹೇಳಿದೆ. ರಾತ್ರಿ ಹೊತ್ತು ಗಾಬರಿಯಾದರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ.

ಕಾಕಾಗೆ ಕೊಟ್ಟ ಸಲಹೆ ಒಂದೇ. ಸುಮ್ನೆ ಭೇಟಿಗೆ ಹೋಗಬೇಡಿ, ಕೆಲಸ ಕೇಳಿಕೊಂಡು ಹೋಗಿ. ಆರರಲ್ಲಿ ಒಬ್ಬರ ಕುದುರೆಗೆ ಆಗ ಹತ್ತನೇ ತಿಂಗಳು. ರಾತ್ರಿ ಪಾಳಿಗೆ ನನ್ನ ಹೆಸರೂ ಹಾಕು ಎಂದು ಫೋನ್ ಮಾಡಿ ಎಂದೆ. ಮಾತಾಡಲು ಬಾರದವರಿಗೆ ಕೈಯಲ್ಲಿ ಬ್ಯಾಟರಿ ಇದ್ದರೆ ಎಷ್ಟೋ ಸಲೀಸು. ಇದು ನನ್ನ ಅನುಭವ, ಗಂಡಸರಲ್ಲಿ ಇನ್ನೂ ಜಾಸ್ತಿ. ಅವರ ಅನುಭವವನ್ನು ಆ ಗುಂಪು ಕಳೆದುಕೊಳ್ಳುವ ಹಾಗೂ ಇಲ್ಲ. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಆರು ಲಕ್ಷಕ್ಕೂ ಜಾಸ್ತಿ ಇದ್ದ ಕುದುರೆಗಳು 2019ರ ಗಣತಿಯಲ್ಲಿ ಮೂರೂವರೆ ಲಕ್ಷಕ್ಕೂ ಕಡಿಮೆಯಾದವು. ಮರಿ ಹಾಕಿಸಿ ಗೊತ್ತಿರುವ ಕೈಗಳು ಎಲ್ಲಿ ಸಿಗುತ್ತವೆ ಹೇಳಿ?

ಫೋನ್ ಮಾಡಲು ಅವರಿಗೆ ಹನ್ನೊಂದು ದಿನ ಬೇಕಾಯಿತು. ಆ ಕಡೆಯಿಂದ ಬಂದ ಮೊದಲ ಮಾತು, "ಎಷ್ಟ್ ದಿನ ಆತೋ ಮಾರಾಯಾ, ನೀನು ಸಿಟ್ಟಾಗೀಯ ಅಂತ ನಾವೂ ಸುಮ್ನಿದ್ವಿ." ಆ ರಾತ್ರಿ ಡಾಕ್ಟರನ್ನು ಕರೆಯಲು ತಡ ಮಾಡಿದೆವು, ಅದಕ್ಕೇ ಇವನಿಗೆ ನಮ್ಮ ಮೇಲೆ ಸಿಟ್ಟು ಎಂದು ಅವರೆಲ್ಲ ತಿಳಿದಿದ್ದರಂತೆ. ನಾಲ್ಕು ತಿಂಗಳು ಎರಡೂ ಕಡೆಯವರು ಒಬ್ಬರಿಗೊಬ್ಬರು ಹೆದರಿ ಮನೆಯಲ್ಲಿ ಕೂತಿದ್ದರು. ಇದನ್ನು ಓದುವವರಲ್ಲಿ ಹೀಗೆ ದೂರವಾದ ಗೆಳೆಯ ಇರುವವರು ದಯವಿಟ್ಟು ಇವತ್ತೇ ಒಂದು ಫೋನ್ ಮಾಡಿ.

ಮರಿ ಹುಟ್ಟಿದ್ದು ಒಂದು ಬುಧವಾರ ರಾತ್ರಿ ಎರಡೂವರೆಗೆ. ಗಡಿಯಾರ ಹಿಡಿದದ್ದು ಕಾಕಾ. ನಲವತ್ತು ನಿಮಿಷಕ್ಕೆ ಎದ್ದು ನಿಂತಿತಂತೆ. ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತವರು ಅದೇ ಗಂಡು ಕುದುರೆಯ ಗೆಳೆಯ. ಬೆಳಿಗ್ಗೆ ತಾಯಿ ಕುದುರೆಗೆ ಕಿಸೆಯ ಬೆಲ್ಲ ಕೊಟ್ಟು ಬಂದೆ ಎಂದರು.

ಕಾಕಾ ಈಗ ತಿಂಗಳಿಗೊಮ್ಮೆ ಬರುತ್ತಾರೆ. ಅವರ ಲಾಯ ಇನ್ನೂ ಖಾಲಿ ಇದೆ. ಆ ರಾತ್ರಿ ಅತ್ತ ವಿಷಯವನ್ನು ಇಬ್ಬರೂ ಇದುವರೆಗೆ ಎತ್ತಿಲ್ಲವಂತೆ. ಎತ್ತಲೇಬೇಕು ಎಂದು ನಾನೂ ಹೇಳಿಲ್ಲ.