ಎದ್ದು ಬಂದ ಮೇಲೆ ಲೆಕ್ಕ ಎಲ್ಲಿಗೆ ನಿಂತಿತ್ತು?

ಪ್ರಶ್ನೆ: ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಬಡ್ಡಿ ಹಾಕುತ್ತಾ ಕೂತಾಗಲೇ ಕೌಂಟರಿಗೆ ಯಾರಾದರೂ ಬರುತ್ತಾರೆ. ರಸೀದಿ ಕೊಟ್ಟು ವಾಪಸ್ ಬಂದರೆ ಎಲ್ಲಿದ್ದೆ ಅಂತಲೇ ತಿಳಿಯೋದಿಲ್ಲ. ಮಗ ಫೋನಿನಲ್ಲಿ ಆಲ್ಫಾ ತರಂಗದ ಸಂಗೀತ ಹಾಕಿಕೊಟ್ಟಿದ್ದಾನೆ, ಕೇಳಿದರೆ ಮಿದುಳು ಬೇಗ ಹೊಂದಿಕೊಳ್ಳುತ್ತಂತೆ. ನಿಜವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಹಿತ ಅನ್ನಿಸಿದರೆ ಕೇಳಿ, ತೊಂದರೆಯಿಲ್ಲ. ಆದರೆ ನಿಮ್ಮ ಕಷ್ಟಕ್ಕೆ ಅದು ಮದ್ದಲ್ಲ. ಅದಕ್ಕಾಗಿ ದುಡ್ಡಂತೂ ಕೊಡಬೇಡಿ.

ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಸಲ ಹಿಡಿದರು, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ಸುಮ್ನೆ ಕೂತವರಲ್ಲಿ ಸೆಕೆಂಡಿಗೆ ಹತ್ತರ ಆಸುಪಾಸು ಏರಿಳಿಯುವ ಅಲೆ ಚೆನ್ನಾಗಿ ಕಾಣುತ್ತದೆ, ಕಣ್ಣು ಬಿಟ್ಟರೆ ತಗ್ಗುತ್ತದೆ. ಅದೇ ಆಲ್ಫಾ. ಈಗ ನೋಡಿ, ಮುಂದೆ ಬೇರೆ ಕೆಲಸ ಅಂತ ಗೊತ್ತಾಗಿ ಮನಸ್ಸು ಸಜ್ಜಾಗುವಾಗ ತಲೆಯ ಹಿಂಭಾಗದಲ್ಲಿ ಆಲ್ಫಾ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಮುಂಭಾಗದ ನಡುವೆ ಇನ್ನೂ ನಿಧಾನದ ಥೀಟಾ ಅಲೆ ಜಾಸ್ತಿಯಾಗುತ್ತದೆ. ಅಂದರೆ ನಿಮಗೆ ಬೇಕಾದ ಹೊತ್ತಿಗೆ ಆಲ್ಫಾ ಇಳಿಯಬೇಕು, ಏರಬೇಕಾಗಿಲ್ಲ! ಅಲೆ ಬದಲಾಗೋದು ತಯಾರಿ ನಡೆದಿದೆ ಅನ್ನೋದಕ್ಕೆ ಗುರುತು. ತಯಾರಿ ಮಾತ್ರ ನೀವೇ ಮಾಡಬೇಕು.

ಇದು ವಯಸ್ಸಿನ ಮರೆವು ಅಂತ ಹೆದರಬೇಡಿ, ಎಲ್ಲರಿಗೂ ಹೀಗೇ ಆಗುತ್ತದೆ. ಬೇಕಾದರೆ ಮಗನನ್ನೂ ಕೂರಿಸಿ ನೋಡಿ. ಮೂರು ಹಾಳೆಯಲ್ಲಿ ಇಪ್ಪತ್ತಿಪ್ಪತ್ತು ಸಂಖ್ಯೆ ಬರೆಯಿರಿ. ಮೊದಲ ಹಾಳೆಯಲ್ಲಿ ಎಲ್ಲಕ್ಕೂ 3 ಕೂಡಿ, ಎರಡನೆಯದರಲ್ಲಿ ಎಲ್ಲದರಿಂದ 3 ಕಳೆಯಿರಿ, ಮೂರನೆಯದರಲ್ಲಿ ಒಂದಕ್ಕೆ ಕೂಡಿ ಮುಂದಿನದರಿಂದ ಕಳೆಯುತ್ತಾ ಹೋಗಿ, ಪ್ರತಿ ಸಲ ಗಡಿಯಾರ ನೋಡಿಕೊಳ್ಳಿ. ಮೂರನೆಯದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆರ್ಸಿಲ್ಡ್ 1927ರಲ್ಲೇ ಇಂಥ ಲೆಕ್ಕಗಳಿಂದ ಇದನ್ನು ತೋರಿಸಿದ್ದರು. 1995ರಲ್ಲಿ ರಾಜರ್ಸ್ ಮತ್ತು ಮಾನ್ಸೆಲ್ ಅನ್ನುವ ಸಂಶೋಧಕರು ಇನ್ನೊಂದು ಸಂಗತಿ ಕಂಡರು: ಮುಂದಿನ ಕೆಲಸ ಯಾವುದು ಅಂತ ಮೊದಲೇ ಗೊತ್ತಿದ್ದು ತಯಾರಾಗಲು ಸ್ವಲ್ಪ ಬಿಡುವು ಸಿಕ್ಕರೆ ಈ ತಡ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗೋದಿಲ್ಲ.

ಹಾಗಾಗಿ ಏಳುವ ಮುಂಚೆ ಒಂದೇ ಒಂದು ಸಾಲು ಬರೆದಿಡಿ. ಬರೀ ಎಲ್ಲಿಗೆ ನಿಲ್ಲಿಸಿದಿರಿ ಅಂತಲ್ಲ, ಬಂದ ಮೇಲೆ ಮೊದಲು ಏನು ಮಾಡಬೇಕು ಅಂತ. "ಮಾರ್ಚ್ ತನಕ ಆಯ್ತು, ಏಪ್ರಿಲ್ ಅಸಲಿನಿಂದ ಕಟ್ಟಿದ 2,000 ಕಳೆದು ಬಡ್ಡಿ ಹಾಕು" ಅನ್ನುವಷ್ಟು ಬಿಡಿಸಿ ಬರೆದ ಚೀಟಿ ಲೆಡ್ಜರಿನ ಮೇಲಿರಲಿ. ಎದುರಿಗಿದ್ದವರಿಗೆ "ಒಂದ್ನಿಮಿಷ ಕೂತ್ಕೊಳ್ಳಿ ಅಣ್ಣಾ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ತೋರಿಸಿದರು. ಹೀಗೆ ಬರೆದಿಟ್ಟು ಎದ್ದವರಿಗೆ ಆ ಎಳೆತ ಕಡಿಮೆ ಅಂತಲೂ ಆಮೇಲೆ ಕಂಡರು. ಅಂದರೆ ಆ ಸಾಲಿನಿಂದ ರಸೀದಿಯಲ್ಲಿ ತಪ್ಪಾಗೋದೂ ತಪ್ಪಬಹುದು. ವಾಪಸ್ ಬಂದಾಗ ಕ್ಯಾಲ್ಕುಲೇಟರಿಗೆ ಕೈ ಹಾಕುವ ಮುಂಚೆ ಚೀಟಿಯನ್ನು ಮೆಲ್ಲಗೆ ಬಾಯಿಬಿಟ್ಟು ಓದಿ. ಸಾಧ್ಯವಿದ್ದರೆ ಬಡ್ಡಿ ಲೆಕ್ಕವನ್ನು ಕೌಂಟರ್ ತೆರೆಯುವ ಮುಂಚೆಯೇ ಇಟ್ಟುಕೊಳ್ಳಿ, ಬದಲಿಸುವ ಗೋಜೇ ಕಡಿಮೆ ಅಲ್ವಾ?

ಪ್ರಶ್ನೆ: ಮಗಳು ಓದುವಾಗ ಮನಸ್ಸು ಆಚೀಚೆ ಹೋಗುತ್ತದೆ ಅನ್ನುತ್ತಾಳೆ. ಮಿದುಳಿನ ಅಲೆ ಅಳೆಯುವ ಇಇಜಿ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತಾ?
– ಓದುಗರೊಬ್ಬರು, ಸಿರಸಿ

ಉತ್ತರ: ಇಲ್ಲ. ಆಸ್ಪತ್ರೆಯ ಇಇಜಿ ಹೆಚ್ಚಾಗಿ ಮೂರ್ಛೆ ರೋಗ ಪತ್ತೆಗೆ. ಮೇಲೆ ಹೇಳಿದ ಅಲೆಗಳ ವ್ಯತ್ಯಾಸ ಕಾಣೋದು ಒಂದೇ ಪರೀಕ್ಷೆಯನ್ನು ನೂರಾರು ಸಲ ಮಾಡಿಸಿ, ಹಲವು ಜನರ ಸರಾಸರಿ ತೆಗೆದಾಗ. ಆದರೆ ಮಾತಿನ ನಡುವೆಯೇ ಕೆಲವು ಸೆಕೆಂಡ್ ದಿಟ್ಟಿಸುತ್ತಾ ನಿಂತುಬಿಟ್ಟು, ಕರೆದರೂ ಓಗೊಡದೆ, ಆಮೇಲೆ ಅದರ ನೆನಪೇ ಇಲ್ಲದಂತಾದರೆ ತಡ ಮಾಡದೆ ನರರೋಗ ತಜ್ಞರಿಗೆ ತೋರಿಸಿ.