ಕ್ಯಾಮೆರಾ ಬಂತು, ಕಾರ್ಡ್ ಬರಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹಾರ್ಥಿಗೆ 43 ವರ್ಷ. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ರಜೆ ಸಿಕ್ಕರೆ ಹಕ್ಕಿ ಫೋಟೋಗ್ರಫಿ. ಮೂವರು ಗೆಳೆಯರೊಂದಿಗೆ ನಸುಕಿಗೇ ಹೊರಟು ರಂಗನತಿಟ್ಟು ಸೇರಿದ್ದರು. ಛಾಯಾಗ್ರಾಹಕರಿಗೆಂದೇ ಇರುವ ದೋಣಿ ಹತ್ತಿ, ಗೂಡಿಗೆ ಕಡ್ಡಿ ತರುತ್ತಿದ್ದ ಬಣ್ಣದ ಕೊಕ್ಕರೆಯ ಮೇಲೆ ಫೋಕಸ್ ಹಿಡಿದು ಹತ್ತಾರು ಫೋಟೋ ಹೊಡೆದರು. ನೋಡೋಣವೆಂದು ಪರದೆ ತಿರುಗಿಸಿದರೆ ಮೂಲೆಯಲ್ಲಿ ‘ಡೆಮೊ’ ಎಂದಿತ್ತು. ಅಂದರೆ ಕ್ಯಾಮೆರಾದಲ್ಲಿ ಫೋಟೋ ಉಳಿಸುವ ಮೆಮೊರಿ ಕಾರ್ಡೇ ಇರಲಿಲ್ಲ, ಅದು ಮನೆಯ ಲ್ಯಾಪ್‌ಟಾಪ್‌ನಲ್ಲೇ ಉಳಿದಿತ್ತು.

ಅವರನ್ನು ನಮ್ಮಲ್ಲಿಗೆ ತಂದದ್ದು ಕೈತಪ್ಪಿದ ಫೋಟೋ ಅಲ್ಲ, ಭಯ. ಒಂದೇ ವರ್ಷದಲ್ಲಿ ಇದು ಮೂರನೆಯ ಸಲ. ಮೊದಲ ಸಲ ಬ್ಯಾಟರಿ ಚಾರ್ಜರ್‌ನಲ್ಲೇ ಉಳಿದಿತ್ತು, ಎರಡನೆಯ ಸಲ ಟ್ರೈಪಾಡ್ ಪ್ಲೇಟ್ (ಲೆನ್ಸನ್ನು ಮುಕ್ಕಾಲಿಗೆ ಕೂರಿಸುವ ಪಟ್ಟಿ) ಬೇರೆ ಲೆನ್ಸಿನ ಅಡಿಯಲ್ಲಿತ್ತು. ಅವರ ತಂದೆಗೆ ಕೊನೆಗಾಲದಲ್ಲಿ ಮರೆಗುಳಿತನ ಬಂದಿತ್ತು. “ನನಗೂ ಶುರುವಾಯ್ತಾ? ಅಥವಾ ಎಡಿಎಚ್‌ಡಿ ಅಂತಾರಲ್ಲ, ಗಮನ ನಿಲ್ಲದ ತೊಂದರೆ, ಅದಾ?” ಎಂಬುದು ಅವರ ಪ್ರಶ್ನೆ.

ಮೊದಲ ಭೇಟಿಯೆಲ್ಲ ಅದಕ್ಕೇ ಹೋಯಿತು. ಗೊತ್ತಿರುವ ದಾರಿ ತಪ್ಪುತ್ತದೆಯೇ? ಕೇಳಿದ್ದನ್ನೇ ಮತ್ತೆ ಕೇಳುತ್ತೀರಿ ಎಂದು ಮನೆಯವರು ಹೇಳುತ್ತಾರೆಯೇ? ಹಣದ ಲೆಕ್ಕದಲ್ಲಿ ಎಡವಟ್ಟಾಗಿದೆಯೇ? ಯಾವುದೂ ಇಲ್ಲ. ಎಡಿಎಚ್‌ಡಿ ಎನ್ನಬೇಕಾದರೆ ಅದರ ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು, ಅದೂ ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ. ಇವರಲ್ಲಿ ಆ ಇತಿಹಾಸವೂ ಇಲ್ಲ. ಆದರೂ ನಿದ್ದೆ ಕಡಿಮೆ, ಸುಸ್ತು ಇದೆ ಎಂದದ್ದರಿಂದ ಥೈರಾಯ್ಡ್ ಮತ್ತು ಬಿ12 ಪರೀಕ್ಷೆಗಾಗಿ ವೈದ್ಯರ ಬಳಿ ಕಳಿಸಿದೆವು. ಫಲಿತಾಂಶ ಸರಿಯಾಗಿಯೇ ಇತ್ತು.

ಸುಳಿವು ಸಿಕ್ಕಿದ್ದು, ಇದುವರೆಗೆ ಮರೆತದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ ಎಂದಾಗ. ಕಾರ್ಡ್, ಬ್ಯಾಟರಿ, ಪ್ಲೇಟ್. ಎರಡು ಕಿಲೋ ತೂಗುವ ಲೆನ್ಸನ್ನು ಅವರು ಒಮ್ಮೆಯೂ ಮರೆತಿಲ್ಲ, ಕ್ಯಾಮೆರಾವನ್ನೂ ಮರೆತಿಲ್ಲ. ಮರೆತದ್ದೆಲ್ಲ ಯಾವುದೋ ಕೆಲಸಕ್ಕೆಂದು ಬ್ಯಾಗಿನಿಂದ ಹೊರಗೆ ಬಂದ ವಸ್ತುಗಳೇ. ಇದು ‘ಕೆಲಸ ಮುಗಿದ ಮೇಲಿನ ಮರೆವು’. ಫೋಟೋ ಲ್ಯಾಪ್‌ಟಾಪಿಗೆ ಇಳಿದ ಕ್ಷಣವೇ ಮನಸ್ಸು ‘ಕೆಲಸ ಆಯಿತು’ ಎಂದು ಕಡತ ಮುಚ್ಚುತ್ತದೆ. ಕಾರ್ಡ್ ವಾಪಸ್ ಹಾಕುವುದು ಆ ಕೆಲಸದ ಬಾಲ, ಅದು ಹೊರಗೇ ಉಳಿಯುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಕೈಗೆ ಬಂದ ಮೇಲೆ ಆಧಾರ್ ಕಾರ್ಡನ್ನು ಗಾಜಿನ ಮೇಲೇ ಬಿಟ್ಟು ಬರುವುದೂ ಇದೇ ಜಾತಿ. ಎಷ್ಟೋ ಎಟಿಎಂಗಳು ಮೊದಲು ಕಾರ್ಡ್ ಕೊಟ್ಟು ಆಮೇಲೆ ಹಣ ಕೊಡುವುದು ಇದೇ ಕಾರಣಕ್ಕೆ.

ಹಾಗಾಗಿ ಹೊರಡುವ ಹಿಂದಿನ ರಾತ್ರಿಗಿಂತ, ತಿರುಗಾಟ ಮುಗಿಸಿ ಮನೆಗೆ ಬಂದ ರಾತ್ರಿಯನ್ನೇ ಸರಿಮಾಡಬೇಕಿತ್ತು.

ಕೊಟ್ಟ ಸಲಹೆ ಇದು. ಎರಡು ಕಾರ್ಡ್ ಇಟ್ಟುಕೊಳ್ಳಿ, ಒಂದು ಹೊರಗೆ ಬಂದ ಕೈಯಲ್ಲೇ ಇನ್ನೊಂದು ಒಳಗೆ ಹೋಗಲಿ. ಹಾಕುವ ಕಾರ್ಡಿನ ಹಳೆಯ ಫೋಟೋಗಳು ಎರಡು ಕಡೆ ಉಳಿದಿವೆ ಎಂದು ಖಚಿತವಾದ ಮೇಲಷ್ಟೇ ಫಾರ್ಮ್ಯಾಟ್. ಬ್ಯಾಟರಿ ಚಾರ್ಜಿಗೆ ಹೋದಾಗ ಕ್ಯಾಮೆರಾದ ಬ್ಯಾಟರಿ ಮುಚ್ಚಳ ತೆರೆದೇ ಇರಲಿ, ಕ್ಯಾಮೆರಾ ಚಾರ್ಜರ್ ಪಕ್ಕದಲ್ಲೇ ಕೂರಲಿ. ಬಾಯಿ ತೆರೆದ ಕ್ಯಾಮೆರಾವನ್ನು ಯಾರೂ ಬ್ಯಾಗಿಗೆ ತುರುಕುವುದಿಲ್ಲ. ಕಾರಿನ ಕೀಯನ್ನೂ ಅಲ್ಲೇ ಇಡಿ. ಪ್ಲೇಟ್ ವಿಷಯದಲ್ಲಿ ಜಾಣತನ ಬೇಡ, ಪ್ರತಿ ಲೆನ್ಸಿಗೂ ಒಂದೊಂದು ಕೊಂಡು ಹಾಕಿಬಿಡಿ.

‘ನೆನಪಿಟ್ಟುಕೊಳ್ಳುತ್ತೇನೆ’ ಎಂಬ ಸಂಕಲ್ಪಕ್ಕೆ ಬಲ ಕಡಿಮೆ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ತೋರಿಸಿಕೊಟ್ಟಂತೆ, ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಸಂದರ್ಭಕ್ಕೆ ಕಟ್ಟಿದ ಸಂಕಲ್ಪ ಹೆಚ್ಚು ಕೆಲಸಕ್ಕೆ ಬರುತ್ತದೆ. ಇವರು ಬರೆದುಕೊಂಡದ್ದು: “ಚಾರ್ಜರ್ ದೀಪ ಹಸಿರಾದಾಗ ಬ್ಯಾಟರಿ ಕ್ಯಾಮೆರಾಕ್ಕೆ.”

ಹಿಂದಿನ ರಾತ್ರಿ ಒಂದೇ ಒಂದು ಪರೀಕ್ಷೆ: ಗೋಡೆ ಗಡಿಯಾರದ ಫೋಟೋ ತೆಗೆದು, ಕ್ಯಾಮೆರಾ ಆಫ್ ಮಾಡಿ, ಮತ್ತೆ ಆನ್ ಮಾಡಿ ಆ ಫೋಟೋ ನೋಡುವುದು. ಕ್ಲಿಕ್ ಸದ್ದು ಸಾಕ್ಷಿಯಲ್ಲ. ಕಾರ್ಡ್ ಇಲ್ಲದೆಯೂ ಶಟರ್ ಬೀಳುವ ಸೆಟ್ಟಿಂಗ್ ಹಲವು ಕ್ಯಾಮೆರಾಗಳಲ್ಲಿದೆ. ಮೆನುವಿನಲ್ಲಿ ಅದನ್ನು ಲಾಕ್ ಮಾಡಿಸಿದೆವು. ಗಡಿಯಾರವೇ ಏಕೆಂದರೆ, ಅದರ ಮುಳ್ಳು ಇದು ಈಗಷ್ಟೇ ತೆಗೆದ ಫೋಟೋ ಎಂದು ಹೇಳುತ್ತದೆ.

ಎರಡನೆಯ ಭೇಟಿಗೆ ಅವರು 22 ಸಾಲಿನ ಪಟ್ಟಿ ಮಾಡಿ ತಂದಿದ್ದರು. ಒಂದೇ ವಾರದಲ್ಲಿ ಅದು ಸೋತಿತ್ತು: ಮಂಚದ ಮೇಲೆ ಕೂತು, ಬ್ಯಾಗ್ ತೆರೆಯದೆ, ಎಲ್ಲಕ್ಕೂ ಟಿಕ್ ಹಾಕಿದ್ದರು. ಪಟ್ಟಿಯನ್ನು ಐದಕ್ಕೆ ಇಳಿಸಿದೆವು: ಕಾರ್ಡ್, ಬ್ಯಾಟರಿ, ಲೆನ್ಸ್, ಪ್ಲೇಟ್, ಕನ್ನಡಕ. ಯಾವುದಿಲ್ಲದಿದ್ದರೆ ಆ ದಿನವೇ ವ್ಯರ್ಥವೋ ಅದಷ್ಟೇ. ಒಂದೊಂದನ್ನೂ ಮುಟ್ಟಿ, ಹೆಸರನ್ನು ಜೋರಾಗಿ ಹೇಳುವುದು. ಇದು ಮಕ್ಕಳಾಟದಂತಿದೆ ಎಂದು ಮುಜುಗರಪಟ್ಟಾಗ ವಿಮಾನದ ಪ್ರಸಂಗ ಹೇಳಿದೆವು. 1935ರಲ್ಲಿ ಅಮೆರಿಕದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ಪರೀಕ್ಷಾ ಹಾರಾಟದಲ್ಲೇ ಬಿತ್ತು. ಪಳಗಿದ ಪೈಲಟ್‌ಗಳಿದ್ದೂ, ನಿಂತ ವಿಮಾನದ ಚಲಿಸುವ ಭಾಗಗಳು ಗಾಳಿಗೆ ಅಲುಗದಂತೆ ಹಾಕಿದ ಬೀಗ ತೆಗೆಯುವುದು ಮರೆತುಹೋಗಿತ್ತು. ವಿಮಾನ ಚಾಲಕರ ತಪಾಸಣಾ ಪಟ್ಟಿ ರೂಢಿಗೆ ಬಂದದ್ದು ಅದರ ನಂತರ.

ಮನೆಯ ಮಾತನ್ನೂ ಬದಲಿಸಬೇಕಾಯಿತು. ಹೊರಡುವಾಗ ಹೆಂಡತಿ “ರೀ, ಎಲ್ಲಾ ತಗೊಂಡ್ರಾ?” ಅನ್ನುತ್ತಿದ್ದರು, ಇವರು “ಹ್ಞೂಂ” ಅನ್ನುತ್ತಿದ್ದರು. ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಆಮೇಲೆ ಏನಾದರೂ ಮರೆತರೆ ಇಬ್ಬರಿಗೂ ಜಗಳ. ಕೇಳಲೇಬೇಕೆನಿಸಿದರೆ “ಕಾರ್ಡ್ ಎಲ್ಲಿದೆ?” ಎಂದು ಕೇಳಿ, ತೋರಿಸುವವರೆಗೆ ಬಿಡಬೇಡಿ ಎಂದು ಅವರಿಗೆ ಹೇಳಿದೆವು, ನೆನಪಿಸುವ ಹೊಣೆ ಮಾತ್ರ ಅವರದಲ್ಲ ಎಂದು ಇವರಿಗೂ ಸ್ಪಷ್ಟಪಡಿಸಿದೆವು.

ಇಷ್ಟಾದರೂ ಮರೆಯುವ ದಿನ ಬರುತ್ತದೆ. ಅದಕ್ಕೆ ಕಾರಿನಲ್ಲಿ ಒಂದು ಸಣ್ಣ ಚೀಲ: 64 ಜಿಬಿಯ ಒಂದು ಕಾರ್ಡ್, ಒಂದು ಹೆಚ್ಚುವರಿ ಪ್ಲೇಟ್, ಯುಎಸ್‌ಬಿ-ಸಿ ವೈರ್. ಬ್ಯಾಟರಿಯನ್ನು ಮಾತ್ರ ಅಲ್ಲಿಡಬೇಡಿ, ಬಿಸಿಲಲ್ಲಿ ನಿಂತ ಕಾರಿನ ಕಾವು ಅದಕ್ಕೆ ಆಗದು. ಎಸ್‌ಡಿ ಕಾರ್ಡ್ ಹಾಕುವ ಕ್ಯಾಮೆರಾ ಆದರೆ ಸಣ್ಣ ಊರಿನ ಮೊಬೈಲ್ ಅಂಗಡಿಯಲ್ಲೂ ಮೈಕ್ರೋ ಎಸ್‌ಡಿ ಮತ್ತು ಅಡಾಪ್ಟರ್ ಸಿಕ್ಕೀತು, ಆದರೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಬೆಳಗಿನ ಬೆಳಕು ಹೋಗಿರುತ್ತದೆ. ಕೆಲವು ದುಬಾರಿ ಕ್ಯಾಮೆರಾಗಳಿಗೆ ಬೇಕಾದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಆದರೆ ಆಸೆ ಬೇಡ. ದೋಣಿ ಹತ್ತುವ ಮೊದಲೇ ಜೊತೆಯವರಿಗೆ ಬಾಯಿಬಿಟ್ಟು ಹೇಳಿ. ನಾಲ್ವರಲ್ಲಿ ಒಬ್ಬರ ಬಳಿಯಾದರೂ ಹೆಚ್ಚುವರಿ ಇರುತ್ತದೆ. ರಂಗನತಿಟ್ಟಿನಲ್ಲಿ ಇವರು ನಾಚಿಕೆಗೆ ಸುಮ್ಮನೆ ಕೂತು, ಕಾರ್ಡಿಲ್ಲದ ಕ್ಯಾಮೆರಾದಲ್ಲೇ ಫೋಟೋ ತೆಗೆದಂತೆ ನಟಿಸಿದ್ದರು. ಈ ಮಾತು ಹೊರಬಂದದ್ದು ಮೂರನೆಯ ಭೇಟಿಯಲ್ಲಿ. ತಂದೆಯ ಕಾಯಿಲೆಯ ಬಗ್ಗೆ ಗೆಳೆಯರಿಗೂ ಹೇಳಿರಲಿಲ್ಲ.

ಎರಡು ತಿಂಗಳ ನಂತರ ಫೋನ್ ಮಾಡಿದ್ದರು. ಸಾಲ ಕೊಟ್ಟಿದ್ದ ಲೆನ್ಸ್ ಪ್ಲೇಟ್ ಇಲ್ಲದೆ ವಾಪಸ್ ಬಂದಿತ್ತಂತೆ. ಕಾರಿನ ಚೀಲದಲ್ಲಿ ಪ್ಲೇಟ್ ಇತ್ತು, ಅದರ ತಿರುಪು ಬಿಗಿ ಮಾಡುವ ಆರು ಮೂಲೆಯ ಸಣ್ಣ ಕೀಲಿ (ಅಲೆನ್ ಕೀ) ಇರಲಿಲ್ಲ. ಗೆಳೆಯರನ್ನು ಕೇಳಿದರಂತೆ, ಸಿಕ್ಕಿತಂತೆ.